ಹೆಸರಿಲ್ಲದ ಟ್ರೇಗಳು

ಕಳೆದ ವಾರ ಹೊಸಕೋಟೆಯಿಂದ ನಂದಗುಡಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ಹೊರೆಯನ್ನು ನನ್ನ ಕಾಲ ಬಳಿ ಇಳಿಸಿ ಪಕ್ಕದಲ್ಲಿ ಕೂತರು. ಕಂಡಕ್ಟರು ಲಗೇಜಿನ ಟಿಕೆಟ್ಟು ಕೇಳಿದ.

"ಸೊಪ್ಪಿಗೂ ಟಿಕೆಟ್ಟೇನಪ್ಪಾ? ಅದೇನು ಸೀಟ್ ಮೇಲೆ ಕೂತೈತಾ?" ಎಂದು ಆಕೆ ನಕ್ಕರು. ಅವನೂ ನಕ್ಕು ಮುಂದೆ ಹೋದ.

ಬಿಸಿಲಿಗೆ ಬಸ್ಸು ಕಾದಿತ್ತು. ಗೋಣಿಯೊಳಗಿನ ಹಿಪ್ಪುನೇರಳೆ ಸೊಪ್ಪು ಬೆವರತೊಡಗಿತು. ಸ್ವಲ್ಪ ಸಿಹಿ, ಸ್ವಲ್ಪ ಒಗರು, ಕೆಳಗೆಲ್ಲೋ ಒದ್ದೆ ಸೆಣಬಿನ ಮುಗ್ಗಲು. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಹಳೆಯದೆಲ್ಲ ನೆನಪಾಯಿತು. ಕೆಲವು ವರ್ಷಗಳ ಹಿಂದೆ, ಒಂದು ಶಿವರಾತ್ರಿಯಿಂದ ಯುಗಾದಿಯವರೆಗೆ ಪ್ರತಿದಿನ ನಾನು ಆ ವಾಸನೆಯಲ್ಲೇ ಇದ್ದೆ.

ಬಿಸಿಎ ಮುಗಿಸಿ ಮನೆಯಲ್ಲಿದ್ದ ನನಗೆ ನಂದಗುಡಿ ಹತ್ತಿರದ ಒಂದು ಚಾಕಿ ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ರೇಷ್ಮೆ ಮೊಟ್ಟೆ ಒಡೆದ ಮೇಲೆ ಹುಳುಗಳನ್ನು ಮೊದಲ ಎಂಟು ದಿನ ಹದವಾದ ಬಿಸಿಯಲ್ಲಿ, ಎಳೆ ಸೊಪ್ಪು ಕೊಟ್ಟು ಸಾಕುವ ಜಾಗ ಅದು. ಹುಳು ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಸುಮ್ಮನೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಎರಡನೇ ಜ್ವರದಿಂದ ಎದ್ದ ಹುಳುಗಳನ್ನು ರೈತರು ಮನೆಗೆ ಒಯ್ದು ಗೂಡು ಕಟ್ಟಿಸುತ್ತಾರೆ. ಕೇಂದ್ರದ ಯಜಮಾನರು ನಾರಾಯಣಣ್ಣ. ಒಳಗಿನ ಕೆಲಸವೆಲ್ಲ ಅಲ್ಲಿ ಕೆಲಸಕ್ಕಿದ್ದ ಯಶೋದಮ್ಮನದು. ಕಾಲು ತೊಳೆದು, ಬಟ್ಟೆ ಬದಲಾಯಿಸಿ, ಅವರಿಬ್ಬರು ಮಾತ್ರ ಹುಳು ಕೋಣೆಗೆ ಹೋಗುತ್ತಿದ್ದರು. ಸೋಂಕಿನ ಭಯಕ್ಕೆ ನನಗೆ ಹೊರಗಿನ ಕೋಣೆಯೇ ಗತಿ. ಒಳಗಿನ ಬಿಸಿ, ತೇವ, ಕರೆಂಟು ಹೋದ ಹೊತ್ತು, ಬಂದ ಸೊಪ್ಪು, ಎಲ್ಲವನ್ನೂ ಬರೆದಿಡುವುದು ನನ್ನ ಕೆಲಸ. ಚಿಕ್ಕಂದಿನಿಂದ ದಿನಚರಿ ಬರೆಯುವ ನನಗೆ ಇದಕ್ಕಿಂತ ಹಿಡಿಸುವ ಕೆಲಸ ಇರಲಿಲ್ಲ.

ನಾರಾಯಣಣ್ಣ ಎಲ್ಲೋ ಇನ್ನೊಂದು ಕೇಂದ್ರ ನೋಡಿಕೊಂಡು ಬಂದರು. ಅಲ್ಲಿ ಟ್ರೇಗಳ ಮೇಲೆ ರೈತರ ಹೆಸರು, ನಂಬರು ಎಲ್ಲ ಅಚ್ಚಾದ ಸ್ಟಿಕರು ಇದ್ದವಂತೆ. ನಮ್ಮಲ್ಲಿ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದದ್ದು ತೇವಕ್ಕೆ ಅರ್ಧ ದಿನದಲ್ಲಿ ಅಳಿಸಿಹೋಗುತ್ತಿತ್ತು.

"ಬಿಸಿಎ ಓದಿದೀಯಲ್ಲಮ್ಮ ಶಿಲ್ಪಾ. ಇಷ್ಟೂ ಆಗಲ್ವಾ ನಿನ್ ಕೈಲಿ?" ಎಂದು ಒಂದು ಹಳೆಯ ಲ್ಯಾಪ್‌ಟಾಪನ್ನೂ ಅಂಗಡಿಯಲ್ಲಿ ಬಿಲ್ಲು ಹಾಕುವಂಥ ಪುಟ್ಟ ಪ್ರಿಂಟರನ್ನೂ ತಂದು ಮೇಜಿನ ಮೇಲಿಟ್ಟರು.

ಕಂಪ್ಯೂಟರಿಗೆ ಕೆಲಸ ಹೇಳಲು ನಾನು ಕಾಲೇಜಿನಲ್ಲಿ ಕಲಿತದ್ದು ಸಿ ಭಾಷೆ. ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಪೈಥಾನ್. ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ಸಿಯಲ್ಲಿ ಪ್ರತಿ ಸಾಲಿನ ಕೊನೆಗೂ ಒಂದು ಚಿಹ್ನೆ ಹಾಕಬೇಕು, ಒಟ್ಟಿಗೆ ನಡೆಯಬೇಕಾದ ಸಾಲುಗಳನ್ನು ಬಳ್ಳಿಯಂಥ ಬ್ರಾಕೆಟ್ಟಿನೊಳಗೆ ಕಟ್ಟಬೇಕು. ಇಲ್ಲಿ ಅದಾವುದೂ ಇಲ್ಲ. ಸಾಲಿನ ಮುಂದೆ ನಾಲ್ಕು ಜಾಗ ಖಾಲಿ ಬಿಟ್ಟರೆ ಅದು ಮೇಲಿನ ಸಾಲಿಗೆ ಸೇರಿತು, ಬಿಡದಿದ್ದರೆ ಇಲ್ಲ. ಬೇಲಿಯಿಲ್ಲದ ಹೊಲದಲ್ಲಿ ಗಡಿ ಹುಡುಕಿದ ಹಾಗಾಗುತ್ತಿತ್ತು. ಫೋನಿನಲ್ಲಿ ವಿಡಿಯೋ ನೋಡುವುದು, ನಿಲ್ಲಿಸುವುದು, ಟೈಪು ಮಾಡುವುದು, ಕೆಂಪಕ್ಷರದಲ್ಲಿ ಬೈಸಿಕೊಳ್ಳುವುದು.

ಮೊದಲು ಇಂಗ್ಲಿಷಿನಲ್ಲಿ ನನ್ನ ಹೆಸರು ಅಚ್ಚಾಯಿತು. ಕನ್ನಡದಲ್ಲಿ ಕೊಟ್ಟರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬಂದವು. ಆ ಚೌಕಗಳು ಅಕ್ಷರಗಳಾಗಲು ಮೂರು ದಿನ ಹಿಡಿಯಿತು. ಪರೀಕ್ಷೆಗೆಂದು ಯಶೋದಮ್ಮನ ಹೆಸರು ಕೊಟ್ಟು, ಅದನ್ನು ಐದು ಸಲ ಮುದ್ರಿಸಲು ಒಂದು ಲೂಪು ಬರೆದೆ. ಎಣಿಕೆ ಏರಿಸುವ ಸಾಲಿನ ಮುಂದೆ ಜಾಗ ಬಿಡುವುದನ್ನು ಮರೆತಿದ್ದೆ. ಅದು ಲೂಪಿನ ಹೊರಗೆ ಬಿತ್ತು. ಪ್ರಿಂಟರು ಯಶೋದಮ್ಮ, ಯಶೋದಮ್ಮ ಎಂದು ನಿಲ್ಲದೆ ಅಚ್ಚು ಹಾಕತೊಡಗಿತು. ನಾನು ವೈರು ಕೀಳುವಷ್ಟರಲ್ಲಿ ಒಂದು ಸುರುಳಿ ಮುಗಿಯುತ್ತಾ ಬಂದಿತ್ತು.

ಯಶೋದಮ್ಮ ಬಾಗಿಲಲ್ಲಿ ನಿಂತು ನೆಲದ ಮೇಲೆ ಹರಡಿದ್ದ ತಮ್ಮ ಹೆಸರನ್ನು ನೋಡಿದರು. "ನಮ್ಮ ಮನೆಯವ್ರು ಮದುವೆ ಆದಾಗಿಂದ ಇಷ್ಟು ಸಲ ಕರ್ದಿಲ್ಲ ಕಣಮ್ಮ ನನ್ನ" ಎಂದರು.

ಸಂಜೆ ಅದನ್ನು ಅತ್ತಿಗೆಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಲೂಪು ಅಂದ್ರೆ ಏನೇ ಅದು?"

"ಒಂದೇ ಕೆಲಸಾನ ಬೇಜಾರಿಲ್ದೆ ಮತ್ತೆ ಮತ್ತೆ ಮಾಡೋದು ಅತ್ತಿಗೆ."

"ಅದಕ್ಕೆ ಯಂತ್ರ ಯಾಕೆ, ನಾನಿಲ್ವಾ?"

ನನ್ನ ಅತ್ತಿಗೆ ಭಾರತಿ ಹಾಗೆಯೇ ಮಾತಾಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ನಮ್ಮಮ್ಮನ ಜೊತೆ ನಿಂತು ಹುಳು ಸಾಕುವುದನ್ನು ಕಲಿತವರು. ಅಮ್ಮ ತೀರಿಕೊಂಡ ಮೇಲೆ ಹಿತ್ತಲಿನ ಹುಳು ಮನೆಗೆ ಬೀಗ ಬಿತ್ತು. ಅಣ್ಣ ಪಿಲ್ಲಗುಂಪೆಯಲ್ಲಿ ಫ್ಯಾಕ್ಟರಿಗೆ ಸೇರಿದ. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪನ್ನು ಹೊರಗಿನವರು ಬಂದು ಕೊಯ್ದುಕೊಂಡು ಹೋಗುತ್ತಿದ್ದರು. ಆ ವರ್ಷ ಅತ್ತಿಗೆ, ಈ ಸಲ ನಾನೇ ಹುಳು ಕಟ್ಟುತ್ತೇನೆ ಎಂದರು. ಅಣ್ಣನಿಗೆ ಬೇರೆಯೇ ಲೆಕ್ಕ ಇತ್ತು.

"ಗೋಡೌನಿಗೆ ಜಾಗ ಕೇಳ್ತಾವ್ರೆ ಕಣೇ. ಸುಮ್ನೆ ಬಾಡಿಗೆ ಬರುತ್ತೆ. ಈ ಸೊಪ್ಪು ಹುಳು ಅಂತ ಯಾರು ಸಾಯ್ತಾರೆ?"

"ನಾನು ಸಾಯ್ತೀನಿ ಬಿಡಿ. ನೀವು ಡ್ಯೂಟಿಗೆ ಹೋಗಿ."

ಕೊನೆಗೆ ಅಣ್ಣ ಒಂದು ಮಾತಿಗೆ ಬಂದ. ಈ ಒಂದು ಬೆಳೆ ನೋಡುತ್ತೇನೆ, ಚೆನ್ನಾಗಿ ಬಂದರೆ ತೋಟ ಇರಲಿ, ಇಲ್ಲದಿದ್ದರೆ ಯುಗಾದಿ ಕಳೆದ ಮೇಲೆ ಜೆಸಿಬಿ ಕರೆಸಿ ಕೀಳಿಸುತ್ತೇನೆ. ಅತ್ತಿಗೆ ಹುಳು ಮನೆಯ ಬೀಗ ತೆಗೆದು, ಸುಣ್ಣ ಬಳಿದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆಲ ತೊಳೆದರು. ನಮ್ಮ ಕೇಂದ್ರದಲ್ಲೇ ಎರಡು ಟ್ರೇಗಳಷ್ಟು ಹುಳುವಿಗೆ ಹೇಳಿದರು. ಆ ಸಲದ ಹನ್ನೆರಡು ಮಂದಿ ಗಿರಾಕಿಗಳಲ್ಲಿ ಕಡೆಗೆ ಬಂದು ಹೇಳಿದವರು ಅವರೇ. ಹೆಸರುಗಳ ಸಾಲಿನಲ್ಲಿ ನಾನು ಅವರನ್ನು ಕೊನೆಗೆ ಬರೆದೆ.

ಶಿವರಾತ್ರಿ ಕಳೆದ ಎರಡನೇ ದಿನ ಮೊಟ್ಟೆ ಒಡೆದವು. ಅಂದೇ ನನ್ನ ಸ್ಟಿಕರುಗಳೂ ಸಿದ್ಧವಾದವು. ಲೂಪು ಒಂದು ಸುತ್ತು ತಿರುಗಿದರೆ ಪಟ್ಟಿಯಿಂದ ಮೇಲಿನ ಒಂದು ಹೆಸರು ತೆಗೆದುಕೊಂಡು, ಅದರ ಮುಂದೆ ನಂಬರು ಹಾಕಿ ಮುದ್ರಿಸುತ್ತಿತ್ತು. ಹನ್ನೆರಡು ಎಂದು ಕೊಟ್ಟಿದ್ದೆ, ಒಬ್ಬೊಬ್ಬರ ಟ್ರೇಗಳಿಗೆ ಒಂದರಂತೆ ಹನ್ನೆರಡು ಸ್ಟಿಕರು ಬಂದವು. ಎಣಿಸಿ ಯಶೋದಮ್ಮನ ಕೈಗೆ ಕೊಟ್ಟೆ. ಆದರೆ ಈ ಭಾಷೆ ಎಣಿಸಲು ಶುರು ಮಾಡುವುದು ಸೊನ್ನೆಯಿಂದ. ಮೊದಲ ಹೆಸರಿಗೆ ಸೊನ್ನೆ ಬಿದ್ದಿತ್ತು, ಅತ್ತಿಗೆಗೆ ಹನ್ನೊಂದು. ಹೆಸರುಗಳು ಸರಿ ಇವೆಯಲ್ಲ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮೊದಲ ಹೆಸರು ಮುನಿವೆಂಕಟಪ್ಪನವರದು. ಆ ಸುತ್ತಮುತ್ತ ಹಳೆಯ ಬೆಳೆಗಾರರು, ಪ್ರತಿ ಸಲ ತಮ್ಮ ಹೆಸರು ಮೊದಲಿರಬೇಕು. ಮಧ್ಯಾಹ್ನ ತಮ್ಮ ಹುಳು ನೋಡಲು ಬಂದು ಗಾಜಿನ ಕಿಟಕಿಯಿಂದ ಇಣುಕಿದರು. ಅವರ ದನಿ ರಸ್ತೆಯವರೆಗೂ ಕೇಳಿಸಿತು.

"ನಾರಾಯಣಾ! ಏನಯ್ಯಾ ಇದು? ನನ್ನ ಹೆಸರಿನ ಮುಂದೆ ಸೊನ್ನೆ ಅಂಟಿಸಿದೀಯಾ? ನನ್ನ ಬೆಳೆ ಸೊನ್ನೆ ಆಗ್ಲಿ ಅಂತಲಾ?"

"ಅಯ್ಯೋ, ಕಂಪ್ಯೂಟರು ಹಾಕಿರೋದಣ್ಣ ಅದು."

"ಕಣದಲ್ಲಿ ರಾಗಿ ಅಳೆಯೋವಾಗ ಒಂದು ಅನ್ನೋ ಜಾಗದಲ್ಲಿ ಲಾಭ ಅಂತೀವಿ ನಾವು. ಈ ಮಗು ಸೊನ್ನೆ ಅಂತಾಳೆ. ತೆಗ್ಸು ಮೊದ್ಲು! ಇಲ್ದಿದ್ರೆ ನನ್ನ ಹುಳು ನೀನೇ ಮಡಿಕ್ಕೋ."

ನಾರಾಯಣಣ್ಣ ನನ್ನ ಮುಖ ನೋಡಿದರು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಮೂರು ಗಂಟೆಗೆ ಕರೆಂಟು ಹೋಗುವುದರಲ್ಲಿತ್ತು, ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಹನ್ನೆರಡು ಎಂದಿದ್ದ ಕಡೆ ಒಂದರಿಂದ ಹನ್ನೆರಡು ಎಂದು ತಿದ್ದಿ ಮತ್ತೆ ಓಡಿಸಿದೆ. ಮೇಲುಗಡೆ ನೋಡಿದೆ. ಒಂದು, ಮುನಿವೆಂಕಟಪ್ಪ. ಸಮಾಧಾನವಾಯಿತು. ಕರೆಂಟು ಹೋಯಿತು. ಯಶೋದಮ್ಮ ಆ ಮಬ್ಬಿನಲ್ಲೇ ಹಳೆಯದನ್ನೆಲ್ಲ ಹೆಸರು ನೋಡದೆ ಒಟ್ಟಿಗೆ ಕಿತ್ತು, ಹೊಸ ಸ್ಟಿಕರುಗಳನ್ನು ಮೊದಲ ಸಾಲಿನಿಂದ ಒಂದೊಂದಾಗಿ ಹರಿದು ಅಂಟಿಸಲು ಒಳಗೆ ಹೋದರು.

ನಾನು ಕಲಿತಿದ್ದ ಸಿಯಲ್ಲಿ ಒಂದರಿಂದ ಹನ್ನೆರಡರವರೆಗೆ ಎಂದು ಬರೆದರೆ ಹನ್ನೆರಡೂ ಸೇರುತ್ತಿತ್ತು, ನಾವು ಬರೆಯುತ್ತಿದ್ದ ರೀತಿಯೇ ಹಾಗೆ. ಪೈಥಾನ್ ಹನ್ನೆರಡರ ಹತ್ತಿರ ಬಂದು, ಅದನ್ನು ಮುಟ್ಟದೆ ನಿಲ್ಲುತ್ತದೆ. ಆ ಮಧ್ಯಾಹ್ನ ಬಂದದ್ದು ಹನ್ನೊಂದು ಸ್ಟಿಕರು.

ಅದರಿಂದಲೂ ಏನೂ ಆಗದೆ ಇರಬಹುದಿತ್ತು. ಆದರೆ ನಮ್ಮ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಸಲ ಎರಡು ಟ್ರೇ ಹುಳು ಹೆಚ್ಚಿಗೆ ಸಾಕುತ್ತಿದ್ದರು. ಅವಕ್ಕೆ ಹೆಸರು ಹಾಕುತ್ತಿರಲಿಲ್ಲ. ಹುಳು ಕೊಡುವ ದಿನ ಬೆಳಿಗ್ಗೆ ಆ ಟ್ರೇಗಳಿಂದ ಒಂದೊಂದು ಹಿಡಿ ತೆಗೆದು ಎಲ್ಲರ ಟ್ರೇಗಳಿಗೂ ಸೇರಿಸುತ್ತಿದ್ದರು. ಸಂತೆಯಲ್ಲಿ ಅಳತೆಯ ಮೇಲೆ ಒಂದು ಹಿಡಿ ಕೊಸರು ಹಾಕುವ ಹಾಗೆ. ನಾರಾಯಣಣ್ಣನ ಹೆಸರು ಆ ಕಡೆ ಓಡುತ್ತಿದ್ದದ್ದೇ ಆ ಕೊಸರಿನಿಂದ. ಅತ್ತಿಗೆಯ ಎರಡು ಟ್ರೇಗಳು ಕಡೆಯ ಸಾಲಿನಲ್ಲಿ, ಕೊಸರಿನ ಟ್ರೇಗಳ ಪಕ್ಕದಲ್ಲೇ ಇದ್ದವು. ಸ್ಟಿಕರು ಅಲ್ಲಿಗೆ ಬರುವ ಮುಂಚೆ ಮುಗಿದವು. ಯಶೋದಮ್ಮ, ಬಿಸಿಲು ಜಾಸ್ತಿ, ಹುಳು ಸಾಯುತ್ತವೆ ಎಂದು ನಾರಾಯಣಣ್ಣ ಈ ಸಲ ಕೊಸರಿಗೆ ನಾಲ್ಕು ಟ್ರೇ ಇಟ್ಟಿದ್ದಾರೆ ಎಂದುಕೊಂಡರು.

ಆ ಎಂಟು ದಿನವೂ ಅತ್ತಿಗೆ ಸಂಜೆ ಕೇಳುತ್ತಿದ್ದರು.

"ಲೇ, ನಮ್ಮ ಹುಳು ಹೆಂಗಿದಾವೆ?"

"ಚೆನ್ನಾಗಿದಾವೆ ಅತ್ತಿಗೆ. ಮೊದಲನೇ ಜ್ವರ ಎದ್ವು."

ನಿಜವೇ. ಎದ್ದಿದ್ದವು. ಕಿಟಕಿಯಿಂದ ನೋಡಿದರೆ ಎಲ್ಲ ಟ್ರೇಗಳೂ ಒಂದೇ ಥರ ಕಾಣುತ್ತಿದ್ದವು.

ಹುಳು ಕೊಡುವ ದಿನ ರೈತರು ಬಿಸಿಲೇರುವ ಮುಂಚೆ ಬಂದು ಒಯ್ದರು. ಮುನಿವೆಂಕಟಪ್ಪನವರು ತಮ್ಮ ಟ್ರೇ ಮೇಲಿನ ಒಂದು ಎಂಬ ನಂಬರನ್ನು ಬೆರಳಲ್ಲಿ ಮುಟ್ಟಿ ನೋಡಿ ಹೋದರು. ಅಣ್ಣ ಡ್ಯೂಟಿಗೆ ಹೋಗಿದ್ದರಿಂದ ಅತ್ತಿಗೆ ಒಬ್ಬರೇ ಸ್ಕೂಟರಿನಲ್ಲಿ, ಒದ್ದೆ ಬಟ್ಟೆ, ಎರಡು ಖಾಲಿ ಟ್ರೇ ಕಟ್ಟಿಕೊಂಡು ಕಡೆಗೆ ಬಂದರು. ತಲೆಸ್ನಾನ ಮಾಡಿದ್ದರು. ಮನೆಯಲ್ಲಿ ದೀಪ ಹಚ್ಚಿ ಬಂದಿದ್ದೇನೆ ಎಂದರು.

ನಾನು ಬಾಗಿಲಲ್ಲಿ ಕೂಗಿದೆ. "ಯಶೋದಮ್ಮ, ಭಾರತಿ ಅಂತ ಇರೋದು ಕೊಡಿ."

"ಆ ಹೆಸರಿಂದು ಯಾವ್ದೂ ಇಲ್ವಲ್ಲಮ್ಮ."

"ಕಡೇ ಸಾಲಲ್ಲಿ ನೋಡಿ."

"ಕಡೇ ಸಾಲಲ್ಲಿ ಇದ್ದಿದ್ದು ಕೊಸರಿಂದು. ಬೆಳಿಗ್ಗೆ ಎಲ್ಲರಿಗೂ ಹಾಕ್ಬಿಟ್ನಲ್ಲಾ. ಈ ಸಲ ಎರಡೆರಡು ಹಿಡಿ ಹಾಕ್ದೆ, ಜಾಸ್ತಿ ಇತ್ತು ಅಂತ."

ನಾರಾಯಣಣ್ಣ ಒಳಗೆ ಓಡಿದರು. ನಾನು ಹಿಂದೆಯೇ, ಕಾಲು ತೊಳೆಯದೆ ಹೋದೆ. ಯಾರೂ ತಡೆಯಲಿಲ್ಲ. ಕಡೆಯ ಸಾಲಿನಲ್ಲಿ ನಾಲ್ಕು ಟ್ರೇ ಖಾಲಿ ಇದ್ದವು. ಸೊಪ್ಪಿನ ಒಣಗಿದ ಚೂರು, ಸುಣ್ಣ, ಅಲ್ಲೊಂದು ಇಲ್ಲೊಂದು ಹುಳು.

ಅತ್ತಿಗೆ ಅಂಗಳದಲ್ಲೇ ನಿಂತಿದ್ದರು. ನಾರಾಯಣಣ್ಣ ಹೊರಗೆ ಬಂದು ಕೈ ಹಿಸುಕಿಕೊಂಡರು. "ತಪ್ಪಾಗೋಯ್ತು ಕಣಮ್ಮ ಭಾರತಿ. ಇನ್ನೊಂದು ತಂಡ ಯುಗಾದಿ ಹೊತ್ತಿಗೆ ಎದ್ದೇಳುತ್ತೆ. ಮೊದಲು ನಿಂಗೇ ಕೊಡ್ತೀನಿ."

"ಅಷ್ಟೊತ್ತಿಗೆ ಸೊಪ್ಪು ಬಲಿತುಹೋಗುತ್ತಲ್ಲಣ್ಣ" ಎಂದರು ಅತ್ತಿಗೆ. ಅಷ್ಟೇ. ನನ್ನ ಕಡೆ ನೋಡಲಿಲ್ಲ. ಬಲಿತ ಸೊಪ್ಪನ್ನು ಹುಳು ಮುಟ್ಟುವುದಿಲ್ಲ. ಯುಗಾದಿ ಕಳೆದರೆ ಜೆಸಿಬಿ ಬರುತ್ತದೆ.

ಮನೆಮನೆಗೂ ಹೋಗಿ ಒಂದೊಂದು ಹಿಡಿ ಕೇಳಿಕೊಂಡು ಬರೋಣ ಎಂದವಳು ನಾನು. ಕೊಸರನ್ನು ವಾಪಸು ಕೇಳುವುದು ಎಂಥ ಮಾತು ಎಂದು ಯಶೋದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಅತ್ತಿಗೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡರು. ಬಾ ಎಂದ ಹಾಗೆ.

ಮೊದಲ ಮನೆಯ ಹೆಂಗಸು ವಿಷಯ ಕೇಳಿ ಒಳಗೆ ಹೋಗಿ, ಸೊಪ್ಪಿನ ಸಮೇತ ಎರಡು ಹಿಡಿ ತಂದು ಟ್ರೇಗೆ ಹಾಕಿದರು. "ಹೋಗ್ಲಿ ಬಿಡಮ್ಮ, ನಮಗೆ ಬಂದಿದ್ದೇ ಜಾಸ್ತಿ ಅನ್ನಿಸ್ತು" ಎಂದರು. ಎರಡನೇ ಮನೆಯವರು ಯೋಚನೆ ಮಾಡಿ ಒಂದು ಹಿಡಿ ಕೊಟ್ಟರು. ಮೂರನೇ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿದರು. ಕೇಳುವುದೆಲ್ಲ ನಾನೇ. ಅತ್ತಿಗೆ ಸ್ಕೂಟರಿನಿಂದ ಇಳಿಯುತ್ತಿರಲಿಲ್ಲ. ಬಟ್ಟೆ ಒಣಗಿದರೆ ಬಾಟಲಿಯ ನೀರು ಚಿಮುಕಿಸುತ್ತಾ ತಲೆ ತಗ್ಗಿಸಿ ಕೂತಿರುತ್ತಿದ್ದರು.

ಮುನಿವೆಂಕಟಪ್ಪನವರು ಜಗಲಿಯ ಮೇಲಿದ್ದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು.

"ಮನೆ ಒಳಗೆ ಬಂದು ದೀಪ ಹಚ್ಚಿದ ಮೇಲೆ ಹುಳ ಆಚೆ ಕೊಡೋ ವಾಡಿಕೆ ನಮ್ಮಲ್ಲಿಲ್ಲ."

"ಒಂದು ಹಿಡಿ ಸಾಕು ತಾತ. ಅವು ನಮ್ಮವೇ."

"ನನಗೆ ಅಂಟಿಸಿದ ಸೊನ್ನೆ ನಿಮ್ಮನೆಗೇ ಬಂತಾ?" ಎಂದು ಅವರು ನಕ್ಕರು. ಗೇಟಿನ ಆಚೆ ಅತ್ತಿಗೆಗೆ ಅದು ಕೇಳಿಸಿತು. ನಾನು ಬಂದು ಸ್ಕೂಟರು ಸ್ಟಾರ್ಟು ಮಾಡಿ ಮುಂದಿನ ಮನೆಯ ದಾರಿ ಹಿಡಿದೆ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಮನೆ ಸೇರಿದೆವು. ಒಂದು ಟ್ರೇಯೂ ಪೂರ್ತಿ ತುಂಬಿರಲಿಲ್ಲ.

ಸಂಜೆ ಅಣ್ಣನಿಗೆ ತಿಳಿಯಿತು. ಕೂಗಾಡಬಹುದು ಎಂದುಕೊಂಡಿದ್ದೆ. "ಸರಿ ಬಿಡು, ದೇವರೇ ಹೇಳ್ದಂಗಾಯ್ತು" ಎಂದು ಅವನು ಟೀವಿ ಹಾಕಿದ. ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು.

ಮಾರನೇ ದಿನ ಕೇಂದ್ರಕ್ಕೆ ಹೋಗಿ ಹನ್ನೆರಡನ್ನು ಹದಿಮೂರು ಮಾಡಿದೆ. ಪ್ರಿಂಟರಿಗೆ ಕಳಿಸದೆ ಪರದೆಯ ಮೇಲೆ ಮಾತ್ರ ಓಡಿಸಿದೆ. ಕಡೆಯ ಸಾಲಿನಲ್ಲಿ ಅತ್ತಿಗೆಯ ಹೆಸರು ಬಂತು. ಎಷ್ಟು ಸುಲಭವಾಗಿತ್ತು. ನಾರಾಯಣಣ್ಣ ಹಿಂದೆ ಬಂದು ನಿಂತು ನೋಡಿ, ಸುಣ್ಣದ ಕಡ್ಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಸ್ವಲ್ಪ ದಿನ ಇದೇ ಇರ್ಲಮ್ಮ" ಎಂದರು.

ಮನೆಯಲ್ಲಿ ಕೆಲಸ ಹೆಚ್ಚಾಯಿತು. ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಹೊತ್ತಿಗೆ ಸೊಪ್ಪು ತಿಂದಿದ್ದ ಹುಳುಗಳು ಒಂದೇ ಹದದಲ್ಲಿ ಇರಲಿಲ್ಲ. ಒಂದು ಮೂಲೆಯವು ಜ್ವರಕ್ಕೆ ಕೂತಾಗ ಇನ್ನೊಂದು ಮೂಲೆಯವು ಸೊಪ್ಪಿಗೆ ತಲೆ ಆಡಿಸುತ್ತಿದ್ದವು. ಅತ್ತಿಗೆ ಅವನ್ನು ಮೂರು ಪಾಲು ಮಾಡಿ ಮೂರು ಹೊತ್ತಿಗೆ ಬೇರೆ ಬೇರೆ ಸೊಪ್ಪು ಕೊಟ್ಟರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಸೊಪ್ಪು ಕೊಯ್ದು ತರುತ್ತಿದ್ದೆ. ಅವರು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದರು. ಇಡು. ಅಲ್ಲಲ್ಲ, ಆ ಕಡೆ. ಊಟ ಮಾಡಿ ಹೋಗು. ದಿನಚರಿಯಲ್ಲಿ ಹವೆಯನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸಾಗಲಿಲ್ಲ.

ನಾಲ್ಕನೇ ಜ್ವರ ಕಳೆದ ಮೇಲೆ ಒಂದು ಬೆಳಿಗ್ಗೆ, ಕಸ ಬಳಿಯುತ್ತಾ ಅವರೇ ಕೇಳಿದರು.

"ನನ್ನ ಹೆಸರು ಯಾಕೆ ಬರ್ಲಿಲ್ಲ ಅದ್ರಲ್ಲಿ? ನಂಗೆ ಅರ್ಥ ಆಗಂಗೆ ಹೇಳು."

"ಹನ್ನೆರಡು ಅಂತ ಬರೆದ್ರೆ ಅದು ಹನ್ನೆರಡರ ಮುಂದೆ ನಿಂತ್ಬಿಡುತ್ತೆ ಅತ್ತಿಗೆ. ಒಳಗೆ ಹೋಗಲ್ಲ."

"ಹೊಸ್ಲು ತನಕ ಬಂದು ವಾಪಸ್ ಹೋಗುತ್ತೆ ಅನ್ನು."

"ಹೂಂ."

"ಅದು ನಿಂಗೆ ಗೊತ್ತಿರ್ಲಿಲ್ವಾ?"

"ಇರ್ಲಿಲ್ಲ."

ಅವರು ಕಸವನ್ನು ಒಂದು ಮೂಲೆಗೆ ಒಟ್ಟಿದರು. "ಗೊತ್ತಿಲ್ದೇ ಇದ್ಮೇಲೆ ಎಣಿಸ್ಬೇಕಿತ್ತು" ಎಂದರು. "ಎಲ್ಲಾನೂ ಎಣ್ಸೋಳು ನೀನು."

ನಾನು ಆ ಕಸವನ್ನು ಬುಟ್ಟಿಗೆ ತುಂಬಿದೆ. ಅಂದಿನಿಂದ ಮಾತು ಮತ್ತೆ ಶುರುವಾಯಿತು.

ಗೂಡು ಕಟ್ಟುವ ಹದಕ್ಕೆ ಬಂದು ಹುಳು ಹಣ್ಣಾಗುವುದು ಒಂದೇ ದಿನ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಮೈ ಹೊಳಪಾದವನ್ನು ಹುಡುಕಿ ಹುಡುಕಿ ಆಯ್ದು, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ನಾಲ್ಕು ದಿನ ಅದೇ ಕೆಲಸ. ಒಂದು ಸಂಜೆ ಅಣ್ಣ ಡ್ಯೂಟಿ ಮುಗಿಸಿ ಬಂದು, ಹುಳು ಮನೆಯ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು ಕೂತು ಆಯತೊಡಗಿದ. ಅವನೂ ಅಮ್ಮನ ಜೊತೆ ಆಯ್ದು ಬೆಳೆದವನೇ. ಬೆರಳು ಮರೆತಿರಲಿಲ್ಲ. ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿ ಕಣ್ಣು ತಗ್ಗಿಸಿದರು.

ಗೂಡು ಬಂದದ್ದು ಅಂದುಕೊಂಡದ್ದರ ಅರ್ಧಕ್ಕೂ ಕಡಿಮೆ. ಕೆಲವು ದಪ್ಪ, ಕೆಲವು ತೆಳು. ಮಾರುಕಟ್ಟೆಯಲ್ಲಿ ಒಬ್ಬ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, "ಏನಮ್ಮಾ, ನಾಲ್ಕು ಮನೇದು ಸೇರ್ಸಿ ತಂದಿದೀಯಾ?" ಎಂದನಂತೆ. "ಹೂಂನಪ್ಪಾ, ಒಂಬತ್ತು ಮನೇದು" ಎಂದೆ ಎಂದು ಅತ್ತಿಗೆ ಬಂದು ಹೇಳಿದರು. ಅಣ್ಣ ಲೆಕ್ಕ ಕೇಳಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದಕ್ಕೋ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಯುಗಾದಿ ಬಂತು. ಒಬ್ಬಟ್ಟು ತಿನ್ನುವಾಗಲೂ ತೋಟದ ಮಾತು ಯಾರೂ ಎತ್ತಲಿಲ್ಲ. ಊಟವಾದ ಮೇಲೆ ಅಣ್ಣನಿಗೆ, ಜೆಸಿಬಿಯವನದೋ ಏನೋ, ಒಂದು ಫೋನು ಬಂತು. ಅಂಗಳಕ್ಕೆ ಹೋಗಿ ಮಾತಾಡಿದ. "ನಾಳಿದ್ದು ಹೇಳ್ತೀನಿ ಗುರು" ಎಂದದ್ದು ಮಾತ್ರ ನಮಗೆ ಕೇಳಿಸಿತು.

ಮಾರನೇ ದಿನ ಅಣ್ಣ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವವನಿದ್ದ. ಅತ್ತಿಗೆ ಬೆಳಕು ಹರಿಯುವಾಗಲೇ ಕುಡುಗೋಲು ಹಿಡಿದು ತೋಟಕ್ಕೆ ಹೋಗಿದ್ದರು. ನಾನು ಹಿಂದಿನಿಂದ ಹೋದಾಗ ಅರ್ಧ ತೋಟ ಮುಗಿದಿತ್ತು. ಹುಳು ಕಡಿಮೆಯಾದ್ದರಿಂದ ಕೊಯ್ಯದೆ ಉಳಿದಿದ್ದ ಗಿಡಗಳು ತಲೆಯೆತ್ತರ ಬೆಳೆದು ಬಲಿತಿದ್ದವು. ಅವನ್ನೆಲ್ಲ ಬುಡದ ಮೇಲೆ ಒಂದು ಗೇಣು ಬಿಟ್ಟು ಕತ್ತರಿಸುತ್ತಾ ಹೋಗುತ್ತಿದ್ದರು. ಹೀಗೆ ಕತ್ತರಿಸಿ ಕೂಡಲೇ ನೀರು ಕೊಟ್ಟರೆ ಹೊಸ ಚಿಗುರು ಬರುತ್ತದೆ. ಆ ಬಿಸಿಲಿನಲ್ಲಿ ನೀರು ಕೊಡದೆ ಬಿಟ್ಟರೆ ಒಣಕಲು ಬೊಡ್ಡೆ. ನಾನೂ ಒಂದು ಸಾಲು ಹಿಡಿದೆ. ಯಾಕೆ ಎಂದು ಕೇಳಲಿಲ್ಲ.

ಅಣ್ಣ ಬೈಕನ್ನು ಬದುವಿನ ಬಳಿ ನಿಲ್ಲಿಸಿದ. ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಇದ್ದ, ಕಣ್ಣು ಕೆಂಪಾಗಿದ್ದವು. ಬಿದ್ದಿದ್ದ ಕಡ್ಡಿಗಳನ್ನೂ ಸಾಲುಸಾಲು ಬೊಡ್ಡೆಗಳನ್ನೂ ನೋಡಿದ.

"ಯಾರ್ನ ಕೇಳಿ ಕತ್ತರಿಸ್ದೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ಬೆಳೆ ಬರ್ಲಿಲ್ವಲ್ಲ. ಮಾತು ಮಾತೇ ತಾನೇ?"

ಅತ್ತಿಗೆ ಕುಡುಗೋಲು ನಿಲ್ಲಿಸಿ ನೆಟ್ಟಗೆ ನಿಂತರು. "ಊರೆಲ್ಲಾ ಹಿಡಿ ಹಿಡಿ ಬೇಡ್ಕೊಂಡು ತಂದ ಹುಳ ರೀ ಅವು. ಅಷ್ಟು ಗೂಡು ಕಟ್ಟಿದಾವೆ. ನಾನು ಇನ್ನೊಂದು ಸಲ ನೋಡ್ತೀನಿ. ಬೇಡ ಅಂದ್ರೆ ನೀರು ಬಿಡ್ಬೇಡಿ, ತಾನಾಗೇ ಒಣಗುತ್ತೆ." ಮತ್ತೆ ಬಗ್ಗಿ ಮುಂದಿನ ಗಿಡ ಹಿಡಿದರು.

ಅಣ್ಣ ಬದುವಿನ ಮೇಲೆ ಕೂತ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅವನು ತೆಗೆಯಲಿಲ್ಲ. ನಾನು ತಲೆಯೆತ್ತದೆ ನನ್ನ ಸಾಲಿನ ಕೊನೆಯ ಗಿಡದವರೆಗೂ ಕತ್ತರಿಸಿದೆ.

"ಮೋಟ್ರಿಗೆ ತ್ರೀ ಫೇಸ್ ಕರೆಂಟು ಎಷ್ಟೊತ್ತಿಗೆ ಕೊಡ್ತಾರೆ ಇವತ್ತು?" ಎಂದ.

"ಹನ್ನೊಂದಕ್ಕೆ" ಎಂದರು ಅತ್ತಿಗೆ, ಬಗ್ಗಿದ ಹಾಗೆಯೇ.

ಅವನು ಬಿಸಿಲು ಎಷ್ಟು ಏರಿದೆ ಎಂದು ನೋಡಿ, ಬೂಟಿನ ದಾರ ಬಿಚ್ಚತೊಡಗಿದ.